ಹುಲ್ಲನ್ನು ಹುಲ್ಲಾಗಿಯೇ ಬಿಡಿ

ಊರಾಚೆಯ ಅಮೃತಮಹಲ್ ಕಾವಲಿನಲ್ಲಿ ಸಸಿ ನೆಡಲು ಹೊರಟಿದ್ದೀರೆಂದು ಕೇಳಿದೆ. ನೆಲದ ಮೇಲೆ ನಿಮಗಿಷ್ಟು ಅಕ್ಕರೆಯಿದೆಯಲ್ಲ, ಅದೇ ನನಗೆ ಸಂತೋಷ. ಆದರೆ ಮಕ್ಕಳೇ, ಗುದ್ದಲಿ ಎತ್ತುವ ಮುಂಚೆ ನನ್ನ ಮಾತನ್ನೂ ಸ್ವಲ್ಪ ಕೇಳಿ.

ಆ ನೆಲ ಮರವಿಲ್ಲದೆ ಪಾಳುಬಿದ್ದದ್ದಲ್ಲ, ಬೇಕೆಂದೇ ಬಯಲಾಗಿ ಕಾಪಾಡಿಕೊಂಡು ಬಂದದ್ದು. ಚಿಕ್ಕದೇವರಾಜ ಒಡೆಯರ ಕಾಲಕ್ಕೇ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಮೈಸೂರಿನ ಫಿರಂಗಿಗಳನ್ನೆಳೆದ ಎತ್ತುಗಳು ಇಂಥ ಕಾವಲುಗಳಲ್ಲೇ ಮೇದು ಬಲಿತವು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಮಂದೆ ಮುಂದಕ್ಕೆ ಹೋದಮೇಲೆ ಹಿಂದಿನ ಹುಲ್ಲಿಗೆ ಚಿಗುರಲು ಬಿಡುವು ಸಿಗುತ್ತಿತ್ತು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಮಂದೆಗಳನ್ನೇ ಮಾರಿದರು, 1866ರಲ್ಲಿ ಮತ್ತೆ ಕಟ್ಟಿದರು. ದನಗಳನ್ನೇನೋ ಹಾಗೆ ಮತ್ತೆ ಕೂಡಿಸಬಹುದು. ಉತ್ತು, ಹಂಚಿ, ಕಾಂಪೌಂಡು ಎಬ್ಬಿಸಿದ ಕಾವಲನ್ನು ಮತ್ತೆ ಕೂಡಿಸಿದ್ದನ್ನು ನಾನು ಕಂಡಿಲ್ಲ. ಲಕ್ಷಗಟ್ಟಲೆ ಎಕರೆ ಇದ್ದದ್ದು ಈಗ ಚೂರುಪಾರು ಉಳಿದಿದೆ.

ಚಳಿಗಾಲದಲ್ಲೊಮ್ಮೆ ಸಂಜೆ ಹೊತ್ತು ಅಲ್ಲಿಗೆ ಹೋಗಿ, ದೂರದಲ್ಲೇ ಕುಳಿತು ನೋಡಿ. ಮಧ್ಯ ಏಷ್ಯಾದ ಕಡೆಯಿಂದ ಹಾರಿಬರುವ ಸೆಳೆವಗಳೆಂಬ ಗಿಡುಗನಂಥ ಬೇಟೆಹಕ್ಕಿಗಳು ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಹಗಲಲ್ಲಿ ಅವು ಮಿಡತೆ ಹಿಡಿದು ತಿನ್ನುತ್ತವೆ, ಅದರಿಂದ ಪಕ್ಕದ ಹೊಲದವನಿಗೂ ಉಪಕಾರವೇ. ಕೃಷ್ಣಮೃಗ ಬದುಕುವುದು ದೂರಕ್ಕೆ ಕಾಣುವ ಕಣ್ಣನ್ನೂ ತಡೆಯಿಲ್ಲದ ಓಟವನ್ನೂ ನಂಬಿ. ಅಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರೆ ನಾವು ಕಾಡು ಬೆಳೆಸಿದಂತಾಗದು, ಇವುಗಳ ಮನೆ ಕಿತ್ತಂತಾಗುತ್ತದೆ. ಸಸಿಗಳನ್ನು ಶಾಲೆಯ ಅಂಗಳದಲ್ಲೋ ರಸ್ತೆ ಬದಿಯಲ್ಲೋ ನೆಡಿ, ನಾನೂ ನೀರು ಹೊರುತ್ತೇನೆ.

ಕಾವಲಿಗೆ ನಿಮ್ಮಿಂದ ಆಗಬೇಕಾದ ಕೆಲಸ ಬೇರೆಯೇ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಕೃಷ್ಣಮೃಗಗಳ ಬಯಲಿಗೆ 2007ರಲ್ಲಿ ಆ ರಕ್ಷಣೆ ಸಿಕ್ಕಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ 2011ರಲ್ಲಿ. ಘೋಷಿಸುವ ಮೊದಲು ಸುತ್ತಲಿನ ಜನರನ್ನು ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರಿಗೂ ಜಾಗವಿದೆ. ಇದು ನನಗೆ ಬಹಳ ಮುಖ್ಯ. ಕುರಿ ಕಾಯುವವರನ್ನು ಹೊರಗಟ್ಟಿ ಕಾವಲು ಉಳಿಸುತ್ತೇವೆನ್ನುವವರ ಜೊತೆ ದಯವಿಟ್ಟು ಸೇರಬೇಡಿ. ಮೇಯಿಸಿಕೊಂಡೇ ಬಾಳಿದ ನೆಲ ಅದು; ಎಷ್ಟು ಮಂದೆ, ಯಾವ ತಿಂಗಳು, ಎಲ್ಲಿ ಎಂಬುದನ್ನು ಕುರಿಗಾಹಿಗಳ ಜೊತೆಯಲ್ಲೇ ಕೂತು ಗೊತ್ತುಮಾಡಿ.

ತಾಲ್ಲೂಕು ಕಚೇರಿಗೆ ಹೋಗಿ ಸರ್ವೆ ನಂಬರಿನ ಪಹಣಿ, ನಕ್ಷೆ ತೆಗೆಸಿ. ವಯಸ್ಸಾದ ಕುರಿಗಾಹಿಯೊಬ್ಬರನ್ನು ಕರೆದುಕೊಂಡು ಗಡಿಕಲ್ಲುಗಳನ್ನು ಒಂದೊಂದಾಗಿ ಹುಡುಕಿ ಗುರುತು ಮಾಡಿಕೊಳ್ಳಿ. ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಗಡಿ ಹುಡುಕಲು ಮಾತ್ರ ಮುಂಗಾರಿಗೆ ಮುಂಚೆಯೇ ಹೋಗಿ. ಹುಲ್ಲು ಬೆಳೆದಮೇಲೆ ಕಲ್ಲುಗಳು ಕಣ್ಣಿಗೆ ಬೀಳುವುದಿಲ್ಲ.