ವಿಷಾದ: ಒಂದು ಪದದ ಅರ್ಥಪಥ

ದುಃಖವನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹಲವಿವೆ. ಅಳಲು, ಕೊರಗು, ಶೋಕ, ವ್ಯಥೆ ಮೊದಲಾದವುಗಳ ನಡುವೆ ‘ವಿಷಾದ’ಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಅದು ಆಲೋಚನೆಯೊಡನೆ ಬೆರೆತ ದುಃಖ. ಈ ಅರ್ಥವಿಶೇಷದ ಮೂಲ ಯಾವುದು, ಇಂದಿನ ಬಳಕೆಯಲ್ಲಿ ಅದು ಎಷ್ಟು ಉಳಿದಿದೆ ಎಂಬುದು ವಿವೇಚನಾರ್ಹ.

ಉಚ್ಚಾರಣೆಯ ಸಾಮ್ಯದಿಂದ ಈ ಪದವನ್ನು ‘ವಿಷ’ಕ್ಕೆ ಜೋಡಿಸುವುದು ಸರಿಯಲ್ಲ. ಇದು ಸಂಸ್ಕೃತದ ‘ಸದ್’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಆದ ರೂಪ. ಕುಳಿತುಕೊಳ್ಳುವುದು, ಕುಸಿಯುವುದು ಎಂಬಿವು ಧಾತುವಿನ ಅರ್ಥಗಳು. ಇಕಾರದ ಮುಂದೆ ಸಕಾರವು ಷಕಾರವಾಗಿದೆ. ‘ಪರಿಷತ್’, ‘ಉಪನಿಷತ್’ಗಳಲ್ಲಿಯೂ ಇದೇ ಕ್ರಮ. ‘ಪ್ರಸಾದ’ದಲ್ಲಿ ಇಕಾರವಿಲ್ಲವಾಗಿ ಸಕಾರ ಹಾಗೆಯೇ ಉಳಿದಿದೆ. ಮನಸ್ಸು ತಿಳಿಯಾಗುವುದು ಪ್ರಸಾದ, ಕುಸಿಯುವುದು ವಿಷಾದ.

ಭರತನ ನಾಟ್ಯಶಾಸ್ತ್ರದಲ್ಲಿ ಶೋಕವು ಕರುಣರಸದ ಸ್ಥಾಯಿಭಾವ. ವಿಷಾದವಾದರೋ 33 ವ್ಯಭಿಚಾರಿಭಾವಗಳಲ್ಲಿ ಒಂದು. ಕೈಗೊಂಡ ಕಾರ್ಯ ಕೈಗೂಡದಿರುವುದು ಅದರ ಕಾರಣಗಳಲ್ಲೊಂದು. ಉತ್ತಮ, ಮಧ್ಯಮ ಪಾತ್ರಗಳಲ್ಲಿ ಅದು ಸಹಾಯವನ್ನು ಅರಸುವುದು, ಉಪಾಯವನ್ನು ಚಿಂತಿಸುವುದು, ನಿಟ್ಟುಸಿರು ಮುಂತಾದ ಅನುಭಾವಗಳಿಂದ ತೋರುತ್ತದೆ. ಕುಸಿದ ಮನಸ್ಸು ದಾರಿಯನ್ನೂ ಹುಡುಕುತ್ತದೆ ಎಂಬುದು ಇಲ್ಲಿಯ ಸ್ವಾರಸ್ಯ. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ‘ಅರ್ಜುನವಿಷಾದಯೋಗ’ವೆಂಬ ಹೆಸರು ಸಲ್ಲುವುದೂ ಇದರಿಂದಲೇ ಸಾರ್ಥಕ. ಅರ್ಜುನ ಕೇವಲ ಮರುಗುವುದಿಲ್ಲ. ಕುಲಕ್ಷಯದ ಪರಿಣಾಮಗಳನ್ನು ಒಂದೊಂದಾಗಿ ತರ್ಕಿಸುತ್ತಾನೆ.

ಆಧುನಿಕ ಭಾಷೆಗಳಲ್ಲಿ ಪದದ ದಾರಿ ಕವಲೊಡೆದಿದೆ. ತೆಲುಗಿನಲ್ಲಿ ‘ವಿಷಾದಂ’ ದುರಂತವನ್ನೂ ಸೂಚಿಸುತ್ತದೆ. ಹಿಂದಿಯ ಪ್ರಕಟಣೆಗಳು ಅನಾನುಕೂಲಕ್ಕಾಗಿ ‘ಖೇದ’ವನ್ನು ಹೇಳಿದರೆ ಕನ್ನಡದವು ‘ವಿಷಾದ’ವನ್ನು ಹೇಳುತ್ತವೆ. ಮನೋರೋಗದ ಪರಿಭಾಷೆಯಲ್ಲಿ ಇದು ತಿರುಗುಮುರುಗಾಗಿದೆ: ಹಿಂದಿಯ ‘ಅವಸಾದ’ ‘ಸದ್’ ಧಾತುವಿನದು, ಕನ್ನಡದ ‘ಖಿನ್ನತೆ’ ಖೇದದ ಮೂಲವಾದ ‘ಖಿದ್’ ಧಾತುವಿನದು. ಎರಡು ಧಾತುಗಳು ಎರಡು ಭಾಷೆಗಳಲ್ಲಿ ತಮ್ಮ ಕೆಲಸವನ್ನು ಅದಲುಬದಲು ಮಾಡಿಕೊಂಡಿವೆ.

ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ಕನ್ನಡ ಕಲಿಯುವವರಿಗೆ ಈ ವ್ಯತ್ಯಾಸ ನಿತ್ಯವೂ ಕಿವಿಗೆ ಬೀಳುವಂಥದು. ನೆರೆಭಾಷೆಯ ಅರ್ಥವನ್ನಾಗಲಿ, ಪ್ರಕಟಣೆಯ ಅರ್ಥವನ್ನಾಗಲಿ ಹಳೆಯ ಕಾವ್ಯದ ಮೇಲೆ ಹೊರಿಸಿದರೆ ಪಾತ್ರದ ಅಂತರಂಗವೇ ಮರೆಯಾದೀತು. ‘ವಿಷಾದಿಸುತ್ತೇವೆ’ ಎಂಬ ಒಕ್ಕಣೆಯಲ್ಲಿ ಕುಸಿತವೂ ಇಲ್ಲ, ಚಿಂತನೆಯೂ ಇಲ್ಲ. ಉಳಿದಿರುವುದು ಸೌಜನ್ಯ ಮಾತ್ರ. ಪದದ ಪೂರ್ಣಾರ್ಥವನ್ನು ಕಾಯುವ ಹೊಣೆ ಕಾವ್ಯದ ಓದುಗರದು.