ಯಕೃತ್ತಿನ ಗಡ್ಡೆ ತೆಗೆಸಿದ ಮೇಲೆ ಜೀನ್ ಪರೀಕ್ಷೆ ಬೇಕೆ?

ಯಕೃತ್ತಿನ ಕ್ಯಾನ್ಸರ್ ಮುಂದೆ ಯಾವ ದಾರಿ ಹಿಡಿಯಬಹುದೆಂದು ಜೀನ್‌ಗಳ ಚಟುವಟಿಕೆಯಿಂದ ಒಂದು ಮಟ್ಟಿಗೆ ಅಂದಾಜಿಸಬಹುದು. 2008ರಲ್ಲಿ ಪ್ರಕಟವಾದ ಯುಜಿನ್ ಹೊಶಿದಾ ತಂಡದ ಅಧ್ಯಯನದಲ್ಲಿ 186 ಜೀನ್‌ಗಳ ಮಾದರಿ ರೋಗಿಗಳ ಉಳಿವಿನೊಂದಿಗೆ ತಾಳೆಯಾಯಿತು. ವಿಚಿತ್ರವೆಂದರೆ ಆ ಸುಳಿವು ಸಿಕ್ಕಿದ್ದು ಗಡ್ಡೆಯಲ್ಲಲ್ಲ, ಸುತ್ತಲಿನ ಯಕೃತ್ತಿನಲ್ಲಿ. ಹಾನಿಗೊಂಡ ಯಕೃತ್ತು ಹೊಸ ಗಡ್ಡೆಗೂ ನೆಲವಾಗುತ್ತದೆ. ಆದರೂ ದಿನನಿತ್ಯದ ಚಿಕಿತ್ಸೆ ಈ ಪರೀಕ್ಷೆಯ ಮೇಲೆ ನಿಂತಿಲ್ಲ. ಅದಕ್ಕಾಗಿ ಸಾಲ ಮಾಡಬೇಕಿಲ್ಲ. ಕ್ಯಾನ್ಸರ್ ಕೋಶಗಳು ಸಣ್ಣ ರಕ್ತನಾಳಗಳಿಗೆ ನುಗ್ಗಿವೆಯೇ ಎಂಬುದು ಪೆಥಾಲಜಿ ವರದಿಯಲ್ಲೇ ಇರುತ್ತದೆ. ಅದನ್ನು ಶಸ್ತ್ರವೈದ್ಯರಿಂದ ಕೇಳಿ ತಿಳಿಯುವುದು ಹೆಚ್ಚು ಉಪಯುಕ್ತ. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ ತಪ್ಪಬಾರದು. ಹೆಪಟೈಟಿಸ್ ಬಿ ಇದ್ದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವಂತಿಲ್ಲ, ಮದ್ಯವಂತೂ ಮುಟ್ಟುವಂತಿಲ್ಲ. ರಕ್ತವಾಂತಿ, ಕಪ್ಪು ಮಲ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.