ಸೂಕ್ಷ್ಮ ತರಂಗಗಳೂ ಅಮೀನುಗಳೂ

ಝಳಕಿಯ ಮನೆಗಳಲ್ಲಿ ಜೋಳದ ರೊಟ್ಟಿ ಬೇಯುವ ರೀತಿಯನ್ನು ನಾವು ಬಲ್ಲೆವು. ಉರಿಯ ಶಾಖವು ಮೊದಲು ಹಂಚಿಗೆ, ಹಂಚಿನಿಂದ ರೊಟ್ಟಿಯ ಮೈಗೆ, ಬಳಿಕ ಅದರ ಒಳಕ್ಕೆ ಸಾಗುತ್ತದೆ. ಪ್ರಯೋಗಶಾಲೆಯ ಗಾಜಿನ ಕುಪ್ಪಿಯಲ್ಲಿಯೂ ದ್ರವವು ಹೀಗೆಯೇ ಹೊರಗಿನಿಂದ ಕಾಯುತ್ತದೆ. ದ್ರವವು ತನ್ನೊಳಗೇ ಕಾಯುವಂತೆ ಮಾಡಬಹುದೇ? ಸೂಕ್ಷ್ಮ ತರಂಗಗಳಿಂದ ಇದು ಸಾಧ್ಯ.

ಇವು ರೇಡಿಯೋ ತರಂಗಗಳ ಬಳಗದವು. ಅಡಿಗೆಯ ಒಲೆಯಲ್ಲಿ ಇವುಗಳ ಆವರ್ತನ ಸೆಕೆಂಡಿಗೆ 245 ಕೋಟಿ. ತರಂಗದ ಉದ್ದ ಸುಮಾರು 12 ಸೆಂಟಿಮೀಟರು. ನೀರು, ಮದ್ಯಸಾರ ಮೊದಲಾದವುಗಳ ಅಣುವಿನಲ್ಲಿ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುದಂಶವುಂಟು. ವಿದ್ಯುತ್ ಕ್ಷೇತ್ರವು ದಿಕ್ಕು ಬದಲಿಸಿದಂತೆಲ್ಲ ಈ ಅಣುಗಳು ತಿರುಗಲು ಹವಣಿಸಿ ನೆರೆಯ ಅಣುಗಳನ್ನು ತಾಕುತ್ತವೆ. ಈ ತಾಕಲಾಟವೇ ಶಾಖವಾಗುತ್ತದೆ. ಹಸಿ ಪಲ್ಯವು ಈ ಒಲೆಯಲ್ಲಿ ಬೇಗ ಕಾಯುವುದೂ ಖಡಕ್ ರೊಟ್ಟಿಯು ಹಾಗೆ ಕಾಯದಿರುವುದೂ ಇದರಿಂದಲೇ.

ಅಮೋನಿಯಾದ ಜಲಜನಕಕ್ಕೆ ಬದಲಾಗಿ ಇಂಗಾಲದ ಗುಂಪು ಸೇರಿದರೆ ಅಮೀನು ದೊರೆಯುತ್ತದೆ. ಅನೇಕ ಔಷಧಗಳಿಗೂ ಬಣ್ಣಗಳಿಗೂ ಇವೇ ಆಧಾರ. 1912ರಲ್ಲಿ ಜರ್ಮನಿಯ ಕಾರ್ಲ್ ಮಾನಿಖ್ ವಿವರಿಸಿದ ಕ್ರಿಯೆಯಲ್ಲಿ ಫಾರ್ಮಾಲ್ಡಿಹೈಡ್, ಅಮೀನು, ಕೀಟೋನು ಮೂರೂ ಒಂದೇ ಪಾತ್ರೆಯಲ್ಲಿ ಕೂಡುತ್ತವೆ. ಮೊದಲೆರಡು ಸೇರಿ ಅಸ್ಥಿರವಾದ ಮಧ್ಯವರ್ತಿಯಾಗುತ್ತವೆ. ಕೀಟೋನು ಅದರೊಡನೆ ಬೆಸೆದು ಹೊಸ ಅಮೀನನ್ನು ಕೊಡುತ್ತದೆ. ಹೊರಬೀಳುವುದು ನೀರಿನ ಒಂದು ಅಣು ಮಾತ್ರ. ಮಧ್ಯವರ್ತಿಯನ್ನು ಬೇರ್ಪಡಿಸಿ ಶುದ್ಧಿಮಾಡುವ ಗೋಜಿಲ್ಲ. ದ್ರಾವಕದ ವೆಚ್ಚವೂ ಕಡಿಮೆ.

ತರಂಗಗಳು ಬಂಧವನ್ನು ಕಡಿಯುತ್ತವೆಯೆಂಬುದು ತಪ್ಪು ತಿಳಿವಳಿಕೆ. ಇಂಗಾಲ-ಸಾರಜನಕ ಬಂಧವನ್ನು ಮುರಿಯಲು ಸುಮಾರು 3 ಎಲೆಕ್ಟ್ರಾನ್ ವೋಲ್ಟು ಬೇಕು. ಈ ತರಂಗದ ಒಂದು ಫೋಟಾನಿನಲ್ಲಿರುವುದು ಕೇವಲ 0.00001. ಹಾಗಾದರೆ ವೇಗವೆಲ್ಲಿಯದು? ಉಷ್ಣತೆಯದು. 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಮದ್ಯಸಾರವು ತೆರೆದ ಕುಪ್ಪಿಯಲ್ಲಿ 78 ಡಿಗ್ರಿಗೇ ಕುದಿಯುತ್ತದೆ. ಒತ್ತಡ ತಾಳುವ ಮುಚ್ಚಿದ ಪಾತ್ರೆಯಲ್ಲಿ ಅದನ್ನು 138 ಡಿಗ್ರಿಗೆ ಏರಿಸಿದರೆ ಆರು ಇಮ್ಮಡಿ, ಎಂದರೆ 64 ಪಟ್ಟು! ನಾಲ್ಕು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯುತ್ತದೆ.

1986ರಲ್ಲಿ ಕೆನಡಾದ ಗೆಡಿ ಮತ್ತು ಅಮೆರಿಕದ ಜಿಗೇರ್ ಇವರ ತಂಡಗಳು ಸಾವಯವ ಸಂಶ್ಲೇಷಣೆಯಲ್ಲಿ ಈ ತರಂಗಗಳ ಉಪಯೋಗವನ್ನು ಪ್ರಕಟಿಸಿದುವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಜೆ. ರಾವ್ ಮತ್ತು ಸಂಗಡಿಗರು ನಿರವಯವ ಘನವಸ್ತುಗಳನ್ನು ಇದೇ ತರಂಗಗಳಿಂದ ತಯಾರಿಸುವ ವಿಧಾನವನ್ನು ಕುರಿತು 1999ರಲ್ಲಿ ವಿಸ್ತಾರವಾದ ಸಮೀಕ್ಷೆಯನ್ನು ಬರೆದರು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಮನೆಯ ಒಲೆಯಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಲಾಗದು. ದ್ರಾವಕದ ಆವಿ ಕಿಡಿ ತಗುಲಿ ಹೊತ್ತಬಹುದು. ಮುಚ್ಚಿದ ಪಾತ್ರೆ ಸಿಡಿಯಬಹುದು. ಉಷ್ಣತೆ, ಒತ್ತಡಗಳನ್ನು ಅಳೆದು ಹಿಡಿತದಲ್ಲಿಡುವ ಯಂತ್ರವೇ ಇದಕ್ಕೆ ಬೇಕು. ವೇಗವನ್ನು ಪಡೆಯುವಷ್ಟೇ ಅದನ್ನು ಅಂಕೆಯಲ್ಲಿಡುವುದೂ ವಿಜ್ಞಾನದ ಕೆಲಸ.